ಸೀಮೆಸುಣ್ಣದ ಮನೆ

ಹುಡುಗಿಗೆ ಗಲಾಟೆ ಅಂತ ಹೆಸರಿಟ್ಟವಳು ಅವಳ ಅಜ್ಜಿ. ಹುಟ್ಟಿದ ಮೂರನೆಯ ದಿನಕ್ಕೇ ಓಣಿಯ ಆ ತುದಿಗೆ ಕೇಳುವ ಹಾಗೆ ಕಿರುಚಿದಳಂತೆ. ಶಾಲೆಯ ದಾಖಲೆಯಲ್ಲಿ ಬೇರೇನೋ ಹೆಸರಿತ್ತು. ಅದನ್ನು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಹದಿಮೂರು ತುಂಬಿದ ಮೇಲೂ ಗಂಟಲು ಇಳಿಯಲಿಲ್ಲ. ಚಪ್ಪಲಿ ಸಿಗದಿದ್ದರೆ ಒಂದು ಕೂಗು, ಬಾಚಣಿಗೆಯಲ್ಲಿ ಬೇರೆಯವರ ಕೂದಲಿದ್ದರೆ ಒಂದು ಕೂಗು, "ಯಾಕೆ ಹಾಗೆ ಕೂಗ್ತೀಯ?" ಎಂದು ಕೇಳಿದರೆ ಅದಕ್ಕೂ ಒಂದು ಕೂಗು.

ಹಾಗೆಂದು ಆ ಮನೆಯಲ್ಲಿ ಉಳಿದವರೇನೂ ಬಾಯಿಗೆ ಬೀಗ ಹಾಕಿಕೊಂಡವರಲ್ಲ. ಅಜ್ಜಿ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಅವಳು ನಿವೃತ್ತಿಯಾದರೂ ಲಾಂಡ್ರಿ ಅವಳನ್ನು ಬಿಟ್ಟಿರಲಿಲ್ಲ. ಬೆಡ್‌ಶೀಟಿನ ನಾಲ್ಕು ಮೂಲೆ ಒಂದಕ್ಕೊಂದು ಕೂಡದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅದನ್ನು ಮಡಚುವ ಸೊಸೆ ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಸಂಜೆಗೆ ಬೆರಳು ಸೆಟೆದುಕೊಂಡು ಬರುವವಳು. ಓಣಿಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಮ್ಮ ಎನ್ನುತ್ತಿದ್ದರು, ಅವಳ ಕಣ್ಣು ಮಾತ್ರ ನೆಟ್ಟಗೇ ಇತ್ತು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಹಗಲೆಲ್ಲ ಹಾರನ್ ಒತ್ತಿ ಸುಸ್ತಾಗಿ, ಮನೆಯಲ್ಲಿ ಊಟಕ್ಕೆ ಬಿಟ್ಟರೆ ಆಕಳಿಕೆಗೆ ಮಾತ್ರ ಬಾಯಿ ತೆರೆಯುವ ಮನುಷ್ಯ.

ಒಂದು ದಿನ ಗಣಿತದ ತರಗತಿಯಲ್ಲಿ ಗಲಾಟೆ ಎದ್ದು ನಿಂತು ಕಿರುಚಿ, ಕಂಪಾಸ್ ಪೆಟ್ಟಿಗೆಯನ್ನು ಗೋಡೆಗೆ ಎಸೆದಳು. ಮರುದಿನ ಮುಖ್ಯೋಪಾಧ್ಯಾಯಿನಿ ತಾಯಿಯನ್ನು ಕರೆಸಿದರು.

"ಮನೇಲಿ ಏನಾದ್ರೂ ತೊಂದರೆ ಇದೆಯೇನಮ್ಮ?"

"ಏನಿಲ್ಲ ಮೇಡಂ," ಎಂದಳು ಕನ್ನಡಕದಮ್ಮ. ಅಂದು ಬೆಳಿಗ್ಗೆ ಟೀ ಸೋಸುವ ಜಾಲರಿಯ ವಿಷಯಕ್ಕೆ ಅತ್ತೆಗೂ ಅವಳಿಗೂ ಆಗಿದ್ದ ಜಗಳದಿಂದ ಅವಳ ಗಂಟಲು ಇನ್ನೂ ಕಟ್ಟಿತ್ತು.

ಮುಖ್ಯೋಪಾಧ್ಯಾಯಿನಿ ಒಂದು ಹಾಳೆ ಮುಂದೆ ಸರಿಸಿದರು. ವಿರಾಮ ಬಳಗ. ವಾರಕ್ಕೆ ಮೂರು ಸಂಜೆ, ನಾಲ್ಕರಿಂದ ಆರು. ಮಕ್ಕಳಿಗೆ ಬದುಕಿನ ಕೌಶಲ, ಮನಸ್ಸಿಗೆ ನೆಮ್ಮದಿ, ಎಲ್ಲ ಆಟದ ಮೂಲಕವೇ. ತೋಟಗಾರಿಕೆ, ಚಿತ್ರ, ಮನೆಯಾಟ ಎಂದು ಮೂರು ಗುಂಪು. ತೋಟ, ಚಿತ್ರ ಎರಡೂ ತುಂಬಿದ್ದವು. ಕನ್ನಡಕದಮ್ಮ ಮನೆಯಾಟದ ಎದುರು ಸಹಿ ಮಾಡಿದಳು.

"ಆಟ ಆಡೋಕೂ ಅರ್ಜಿ ಹಾಕ್ಬೇಕಾ?" ಎಂದು ಅಜ್ಜಿ ಮೂಗು ಮುರಿದಳು. "ನಮ್ಮ ಕಾಲದಲ್ಲಿ ಬಾಗಿಲು ತೆಗೆದ್ರೆ ಸಾಕಿತ್ತು, ಓಡಿಹೋಗ್ತಿದ್ವಿ."

"ಈಗ ಓಡಿಹೋದ್ರೆ ಬಸ್ಸಿಗೆ ಸಿಕ್ತಾರೆ," ಎಂದ ಮಗ. ಆ ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಮೊದಲ ವಾರ ಗಲಾಟೆ ಅಳತೆಯ ಟೇಪು ಹಿಡಿದುಕೊಂಡು ಬಂದಳು. ಒಲೆಯಿಂದ ಸಿಂಕಿಗೆ ಎಷ್ಟು, ಸಿಂಕಿನಿಂದ ಊಟದ ಮೇಜಿಗೆ ಎಷ್ಟು, ಅಜ್ಜಿಯ ಕುರ್ಚಿ ಗೋಡೆಯಿಂದ ಎಷ್ಟು ದೂರ, ಎಲ್ಲ ಅಳೆದು ಬರೆದುಕೊಂಡಳು. ಬಚ್ಚಲ ಮುಂದಿನ ಒಡೆದ ಹೆಂಚನ್ನೂ ಬಿಡಲಿಲ್ಲ. "ಮನೆ ಮಾರ್ತೀಯೇನೇ?" ಎಂದು ಅಜ್ಜಿ ರೇಗಿಸಿದಳು. ಎರಡನೆಯ ದಿನ ಒಂದು ಹಾಳೆ ತಂದಳು. ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಸಾಲು.

ಕನ್ನಡಕದಮ್ಮ ಪೆನ್ನು ಕಿತ್ತುಕೊಂಡು ತನ್ನ ಸಾಲನ್ನು ತಾನೇ ತುಂಬಿಸಿದಳು. ಇಂಥ ಅವಕಾಶಕ್ಕೆ ಅವಳು ಎಷ್ಟು ವರ್ಷದಿಂದ ಕಾದಿದ್ದಳೋ! ಅಕ್ಕಿ ತೊಳೆಯುವುದು, ಅತ್ತೆಯ ಮಾತ್ರೆ ಎಣಿಸಿಡುವುದು, ಡ್ರೈವರನ ಊಟದ ಡಬ್ಬಿ ಕಟ್ಟುವುದು, ಗ್ಯಾಸ್ ಮುಗಿಯುವ ಮೊದಲೇ ಹೇಳುವುದು, ಕಿಟಕಿಯ ಪರದೆ ಬದಲಿಸುವುದು, ಯಾರಿಗೆ ಯಾವಾಗ ನೆಗಡಿಯಾಗುತ್ತದೆ ಎಂದು ನೆನಪಿಟ್ಟುಕೊಳ್ಳುವುದು. ಹಾಳೆ ತಿರುಗಿಸಿ ಹಿಂದೆಯೂ ಬರೆದಳು. ನಲವತ್ತಮೂರು ಆಯಿತು. ಗಂಡನ ಸಾಲಿನಲ್ಲಿ ನಾಲ್ಕು, ಅದರಲ್ಲೊಂದು ಪೇಪರ್ ಓದುವುದು.

"ನೋಡಿ, ಕಣ್ಣು ಬಿಟ್ಟು ನೋಡಿ," ಎಂದು ಅವಳು ಹಾಳೆಯನ್ನು ಎಲ್ಲರ ಮುಖಕ್ಕೂ ಹಿಡಿದಳು.

"ಇದ್ರಲ್ಲಿ ಬೆಡ್‌ಶೀಟ್ ಮಡಚೋದನ್ನ ಸೇರಿಸ್ಬೇಡ," ಎಂದಳು ಅತ್ತೆ. "ಅದು ಮಡಚೋದಲ್ಲ, ಸುತ್ತೋದು."

ಗಲಾಟೆ ನಗಲಿಲ್ಲ. ಹಾಳೆಯನ್ನು ತೆಗೆದುಕೊಂಡು, ಒಂದೊಂದಾಗಿ ಓದಿ, ಚೀಲದಲ್ಲಿಟ್ಟುಕೊಂಡಳು.

ಕನ್ನಡಕದಮ್ಮನಿಗೆ ಆ ದಿನಗಳಲ್ಲಿ ಬೇರೆಯೇ ಒಂದು ಯೋಚನೆ ಹತ್ತಿತ್ತು. ಅಂಗಡಿಯ ಯಜಮಾನರು ಆರು ಗಂಟೆಯ ಪ್ರಯಾಣದಾಚೆಯ ಊರಿನಲ್ಲಿ ಎರಡನೆಯ ಅಂಗಡಿ ತೆರೆಯುತ್ತಿದ್ದರು. "ಅದನ್ನ ನೀವೇ ನೋಡ್ಕೋಬೇಕು, ನಿಮ್ಮಷ್ಟು ಕೈ ಪಳಗಿದೋರು ಬೇರೆ ಯಾರಿದ್ದಾರೆ?" ಎಂದಿದ್ದರು. ಅಂಗಡಿಯ ಮೇಲೆ ಒಬ್ಬರಿಗೆ ಸಾಲುವಷ್ಟು ಒಂದು ಕೋಣೆ. ತಿಂಗಳ ಕೊನೆಯ ಸೋಮವಾರದೊಳಗೆ ಉತ್ತರ ಬೇಕು. ಒಬ್ಬರಿಗೆ ಸಾಲುವಷ್ಟು ಎಂಬ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಪೂರ್ತಿ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ "ನಾನು ಹೋಗ್ತೀನಿ" ಎಂದು ಮೂರು ಸಲ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡರೆ ದಿನ ಹೇಗೋ ಸಾಗುತ್ತಿತ್ತು. ಹೋಗುವ ಆಸೆ ಅವಳಿಗೆ ನಿಜವಾಗಿಯೂ ಇತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಎರಡನೆಯ ವಾರದಿಂದ ಗಲಾಟೆ ಕೂಗುವುದನ್ನು ಬಿಟ್ಟಳು.

ಕಡಿಮೆ ಮಾಡಿದಳು ಎಂದಲ್ಲ, ಬಿಟ್ಟೇ ಬಿಟ್ಟಳು. ಚಪ್ಪಲಿ ಸಿಗದಿದ್ದರೆ ಹುಡುಕುತ್ತಿದ್ದಳು. ಬಾಚಣಿಗೆಯ ಕೂದಲನ್ನು ತೆಗೆದು ಬಿಸಾಡುತ್ತಿದ್ದಳು. ಏನಾದರೂ ಕೇಳಿದರೆ ಒಂದು ಉಸಿರು ತೆಗೆದುಕೊಂಡು, ಸಮವಾದ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಕನ್ನಡಕದಮ್ಮನಿಗೆ ಸ್ವರ್ಗ ಮೂರೇ ಗೇಣು. ಅಂಗಡಿಗೆ ಬಂದವರಿಗೆಲ್ಲ ವಿರಾಮ ಬಳಗದ ಗುಣಗಾನ ಮಾಡಿದಳು.

"ಅಮ್ಮ, ಅನ್ನಕ್ಕೆ ನೀರು ಎಷ್ಟು ಹಾಕ್ತೀಯ?" ಎಂದು ಮಗಳು ಒಂದು ಸಂಜೆ ಕೇಳಿದಳು.

"ಬೆರಳಿನ ಗೆರೆ ನೋಡ್ಕೊಂಡು ಹಾಕ್ತೀನಿ. ಇಲ್ಲಿ ಬಾ, ತೋರಿಸ್ತೀನಿ."

ಮಗಳು ಅವಳ ಬೆರಳನ್ನು ಹಿಡಿದು, ಅದರ ಗೆರೆಯ ಪಕ್ಕ ತನ್ನ ಬೆರಳಿಟ್ಟು ನೋಡಿದಳು. ತನ್ನದು ಕೊಂಚ ಗಿಡ್ಡ. ಪೆನ್ನು ತಂದು, ಅಮ್ಮನ ಗೆರೆ ಬರುವ ಜಾಗಕ್ಕೆ ತನ್ನ ಬೆರಳಿನ ಮೇಲೆ ಒಂದು ಗುರುತು ಹಾಕಿಕೊಂಡಳು. ಅಂದಿನ ಅನ್ನ ಅಮ್ಮ ಮಾಡಿದ ಅನ್ನದ ಹಾಗೆಯೇ ಇತ್ತು. ಡ್ರೈವರ್ ಎರಡು ಸಲ ಬಡಿಸಿಕೊಂಡ, ಯಾರು ಮಾಡಿದ್ದೆಂದು ಅವನಿಗೆ ಗೊತ್ತೇ ಆಗಲಿಲ್ಲ.

ಮೂರನೆಯ ವಾರದ ಒಂದು ಬೆಳಿಗ್ಗೆ ಮಾಮೂಲಿನ ಜಗಳ ಎದ್ದಿತು.

"ಇದೇನಮ್ಮ ಇದು, ಶೀಟೋ, ಗಂಟೋ?" ಎಂದಳು ಅತ್ತೆ, ಬೀರುವಿನ ಮುಂದೆ ನಿಂತು.

"ಅತ್ತೆ, ನಿಮಗೆ ಬೇಕಾದ ಹಾಗೆ ಮಡಚ್ಕೊಳ್ಳಿ. ನನಗೆ ಹೊತ್ತಾಯ್ತು."

"ಹೊತ್ತು ನಿನಗೊಬ್ಬಳಿಗೇ ಆಗೋದು. ನಾವೆಲ್ಲ ಗಡಿಯಾರ ನೋಡದೆ ಬದುಕಿದೋರು."

ಕನ್ನಡಕದಮ್ಮ ಬಾಯಿ ತೆರೆದವಳು ಹಾಗೆಯೇ ನಿಂತಳು. ಬಾಗಿಲಲ್ಲಿ ಗಲಾಟೆ ನಿಂತಿದ್ದಳು. ಅವಳ ತುಟಿಗಳು ಆಡುತ್ತಿದ್ದವು. ದನಿಯಿಲ್ಲ, ಬರೀ ತುಟಿ. ಅಜ್ಜಿಯ ಮಾತು ಮುಗಿದಾಗ ಅವೂ ಮುಗಿದವು.

"ಏನೇ ಅದು, ಬಾಯಲ್ಲೇ ಗೊಣಗ್ತಿರೋದು?"

"ಏನಿಲ್ಲಮ್ಮ. ಇದು ಬೆಡ್‌ಶೀಟ್ ಜಗಳ ಅಲ್ವಾ? ನೀವು ಮುಂದುವರಿಸಿ. ಇನ್ನು ನಾಲ್ಕು ಮಾತಿಗೆ ಮುಗಿಯತ್ತೆ."

ಅಜ್ಜಿ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು. ಆದರೂ ಆರಂಭಿಸಿದ ಜಗಳ ಅರ್ಧಕ್ಕೆ ಬಿಡುವವರಲ್ಲ.

"ಮಗು ಮುಂದೆ ಮಾನ ತೆಗೀಬೇಡಿ," ಎಂದಳು ಸೊಸೆ.

"ಮಾನ ಇದ್ದೋರ ಮನೆ ಬೀರು ಹೀಗಿರಲ್ಲ."

"ಹಾಗಾದ್ರೆ ನೀವೇ ಇಟ್ಕೊಳ್ಳಿ ಬೀರುವಿನ ಕೀ."

"ಕೀ ಯಾರಿಗೆ ಬೇಕು!" ಎಂದು ಅಜ್ಜಿ ಕುರ್ಚಿ ಎಳೆದುಕೊಂಡು ಕೂತಳು.

ಮುಗಿಯಿತು. ನಾಲ್ಕೇ ಮಾತು. ಗಲಾಟೆ ಚೀಲ ಹೆಗಲಿಗೇರಿಸಿ, "ಬರ್ತೀನಿ ಅಮ್ಮ, ಬರ್ತೀನಿ ಅಜ್ಜಿ" ಎಂದು ಹೇಳಿ ಶಾಲೆಗೆ ಹೋದಳು. ಅಂದಿನಿಂದ ಅತ್ತೆ ಸೊಸೆ ಜಗಳವಾಡುವುದಕ್ಕೇ ಹೆದರತೊಡಗಿದರು. ಮಾತು ನಾಲಿಗೆಯ ತುದಿಗೆ ಬಂದರೂ, ಇದು ಎಷ್ಟನೆಯದೋ, ಇದಕ್ಕೂ ಹೆಸರಿಟ್ಟಿದ್ದಾಳೋ ಎಂಬ ಅಳುಕು.

ಅದೇ ವಾರ ಅಂಗಡಿಗೆ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ಕನ್ನಡಕಕ್ಕೆ ಬಂದಳು. ಗಲಾಟೆಯದೇ ಶಾಲೆಯ ಯೂನಿಫಾರಂ, ಎರಡು ಜಡೆ, ಸಾಧಾರಣ ಮುಖ. ಅಪ್ಪ ಯಜಮಾನರ ಜೊತೆ ಫ್ರೇಮಿನ ಬಗ್ಗೆ ಚೌಕಾಸಿ ಮಾಡುತ್ತಿದ್ದ. ಹುಡುಗಿ ಎಡಗೈಯನ್ನು ಸೊಂಟಕ್ಕಿಟ್ಟು, ಬಲಗೈ ಹೆಬ್ಬೆರಳಿನಿಂದ ಉಂಗುರದ ಬೆರಳನ್ನು ತಟ್ಟುತ್ತ ನಿಂತಿದ್ದಳು. ಕನ್ನಡಕದಮ್ಮ ಗಾಜು ಉಜ್ಜುತ್ತಿದ್ದವಳು ತಲೆ ಎತ್ತಿ ನೋಡಿದಳು, ಮತ್ತೆ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಅದು ಅದನ್ನೇ ಮಾಡುತ್ತಿತ್ತು.

"ಅಯ್ಯೋ, ನನ್ನ ತಲೆ ಎಲ್ಲಿಟ್ಕೊಳ್ಳಲಿ!" ಎಂದಳು ಹುಡುಗಿ ಅಪ್ಪನಿಗೆ. "ಬೇಗ ಆರಿಸಪ್ಪ."

ಅದು ಕನ್ನಡಕದಮ್ಮನ ಮಾತು. ದಿನಕ್ಕೆ ಹತ್ತು ಸಲ ಆಡುವ ಮಾತು, ಆ 'ಅಯ್ಯೋ'ವನ್ನು ಎಳೆಯುವ ರೀತಿಯೂ ಅವಳದೇ.

ಹುಡುಗಿ ಕೌಂಟರಿನ ಹತ್ತಿರ ಬಂದು ನಕ್ಕಳು. "ನಮಸ್ಕಾರ ಆಂಟಿ. ನಾನು ನೀವು."

"ಏನಂದೆ?"

"ಮನೆಯಾಟದಲ್ಲಿ ಆಂಟಿ. ಗಲಾಟೆ ಮನೇಲಿ ನಾನೇ ಅಮ್ಮ. ನನ್ನ ಮನೇಲಿ ಗಲಾಟೆ ನನ್ನ ಅಕ್ಕ ಆಗ್ತಾಳೆ." ಹುಡುಗಿ ಸ್ವಲ್ಪ ಬಗ್ಗಿ, ಗುಟ್ಟು ಕೇಳುವವಳಂತೆ ಕೇಳಿದಳು. "ಒಂದು ಗೊತ್ತಾಗ್ಬೇಕಿತ್ತು ಆಂಟಿ. ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಷ್ಟು ಹೊತ್ತು ಏನು ಮಾಡ್ತೀರಿ? ಗಲಾಟೆಗೆ ಗೊತ್ತಿಲ್ವಂತೆ. ಅಲ್ಲಿ ನಿಂತ್ಕೊ, ಏನು ಬರತ್ತೋ ಅದನ್ನ ಮಾಡು ಅಂತ ಮೇಡಂ ಹೇಳಿದ್ದಾರೆ."

"ಸ್ನಾನ ಮಾಡ್ತೀನಿ," ಎಂದಳು ಕನ್ನಡಕದಮ್ಮ.

"ಸರಿ," ಎಂದಳು ಹುಡುಗಿ. ಅವಳು ನಂಬಲಿಲ್ಲ. ನಂಬದಿದ್ದಾಗ ಕನ್ನಡಕದಮ್ಮ ಹೇಗೆ ಒಂದು ಹುಬ್ಬು ಏರಿಸುತ್ತಾಳೋ ಹಾಗೆ ಏರಿಸಿ ಹೋದಳು.

ನಾಲ್ಕನೆಯ ವಾರಕ್ಕೆ ಕನ್ನಡಕದಮ್ಮನ ಕೆಲಸಗಳು ಒಂದೊಂದಾಗಿ ಕೈಬಿಟ್ಟು ಹೋದವು. ಅಂಗಡಿಯಿಂದ ಬಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರೆ ಅನ್ನ ಆಗಿದೆ, ಬೇಳೆ ಬೆಂದಿದೆ. ಅತ್ತೆಯ ಮಾತ್ರೆಗಳು ಚಿಕ್ಕ ಬಟ್ಟಲಿನಲ್ಲಿ ಕೂತಿವೆ. ಬೀರುವಿನಲ್ಲಿ ಶೀಟುಗಳ ನಾಲ್ಕು ಮೂಲೆಯೂ ಕೂಡಿವೆ, ಆಸ್ಪತ್ರೆಯ ಮಡಿಕೆ. ಗಲಾಟೆ ಅದನ್ನು ಅಜ್ಜಿಯಿಂದ ಒಂದೇ ಮಧ್ಯಾಹ್ನದಲ್ಲಿ ಕಲಿತಿದ್ದಳು. ಡ್ರೈವರನ ಡಬ್ಬಿ ಬೆಳಿಗ್ಗೆ ಐದೂವರೆಗೆ ಕಟ್ಟಿ ಬಾಗಿಲ ಬಳಿ ಇರುತ್ತಿತ್ತು.

"ಬಿಡೇ, ನಾನು ಮಾಡ್ತೀನಿ," ಎಂದು ತಾಯಿ ಪಾತ್ರೆಗೆ ಕೈ ಹಾಕಿದರೆ, "ಆಗೋಯ್ತಮ್ಮ" ಎನ್ನುತ್ತಿದ್ದಳು ಮಗಳು. ಅದರಲ್ಲಿ ಕೋಪವಿರಲಿಲ್ಲ. ಅಡುಗೆಮನೆಯಲ್ಲಿ ತಾಯಿ ದಾರಿಗೆ ಅಡ್ಡ ನಿಂತಿದ್ದರೆ, ಬಳಸಿಕೊಂಡು ಹೋಗುತ್ತಿದ್ದಳು, ಕಂಬವನ್ನು ಬಳಸಿಕೊಂಡು ಹೋಗುವ ಹಾಗೆ.

"ಮನೆ ಈಗ ಒಂದು ಹದಕ್ಕೆ ಬಂತು ನೋಡು," ಎಂದ ಗಂಡ ಒಂದು ಸಂಜೆ, ಕಾಲು ಚಾಚಿಕೊಂಡು. "ಒಂದು ಸದ್ದಿಲ್ಲ."

"ರೀ, ನಿಮಗೆ ಏನೂ ಅನ್ಸಲ್ವಾ?"

"ಏನನ್ಸ್ಬೇಕು?"

"ಅವಳು ಕೂಗಿ ಎಷ್ಟು ದಿನ ಆಯ್ತು ಗೊತ್ತಾ?"

"ಕೂಗಿದ್ರೆ ಕೂಗ್ತಾಳೆ ಅಂತೀಯ, ಕೂಗದಿದ್ರೆ ಕೂಗಲ್ಲ ಅಂತೀಯ. ನಿನಗೆ ಯಾವುದಾದ್ರೂ ಒಂದು ಹೇಳು."

ಅಜ್ಜಿ ಮಾತ್ರ ಒಂದು ಭಾನುವಾರ ಸೊಸೆಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದಳು. "ಮೊನ್ನೆ ಅವಳು ಮಡಚಿದ ಶೀಟಿನಲ್ಲಿ ಒಂದು ತಪ್ಪು ಹುಡುಕಿದೆ ಕಣೆ. ಸಿಗಲಿಲ್ಲ. ನನಗೆ ಅಳು ಬಂತು."

ಇಷ್ಟೆಲ್ಲ ಆದರೂ ಕನ್ನಡಕದಮ್ಮ ಒಂದು ಸಮಾಧಾನ ಹುಡುಕಿಕೊಂಡಳು. ಒಳ್ಳೆಯದೇ ಆಯಿತು, ನಾನು ಹೊರಟರೆ ಇವರು ಹೇಗೋ ನಿಭಾಯಿಸುತ್ತಾರೆ. ಮುಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಹೇಳಿಬಿಡಬೇಕು, ಸೋಮವಾರ ಯಜಮಾನರಿಗೆ ಹೂಂ ಎನ್ನಬೇಕು. ಹೀಗೆ ತೀರ್ಮಾನಿಸಿದವಳಿಗೆ ಹಗುರವಾಗಬೇಕಿತ್ತು, ಆಗಲಿಲ್ಲ.

ಶುಕ್ರವಾರ ಅಂಗಡಿಯಲ್ಲಿ ಕರೆಂಟು ಹೋಯಿತು. ಐದಕ್ಕೇ ಬಿಟ್ಟರು. ಶಾಲೆ ದಾರಿಯಲ್ಲೇ ಇತ್ತು, ಮಗಳನ್ನು ಕರೆದುಕೊಂಡು ಹೋಗೋಣವೆಂದು ಕನ್ನಡಕದಮ್ಮ ಒಳಗೆ ಹೋದಳು. ಬಳಗ ನಡೆಯುವ ಹಾಲ್‌ನ ಬಾಗಿಲು ಅರ್ಧ ತೆರೆದಿತ್ತು. ಎತ್ತರದ ಕಿಟಕಿಗಳಿಂದ ಸಂಜೆಯ ಹಳದಿ ಬೆಳಕು ನೆಲಕ್ಕೆ ಬಿದ್ದಿತ್ತು.

ನೆಲದ ಮೇಲೆ ಅವಳ ಮನೆ ಇತ್ತು.

ಸೀಮೆಸುಣ್ಣದಲ್ಲಿ ಬರೆದ ಮನೆ, ಆದರೆ ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಮುಂಬಾಗಿಲು, ಅಜ್ಜಿಯ ಕುರ್ಚಿ, ಒಲೆ, ಸಿಂಕು, ಬಚ್ಚಲ ಮುಂದಿನ ಒಡೆದ ಹೆಂಚು. ಮಲಗುವ ಕೋಣೆಯಲ್ಲಿ ಮಂಚ, ಅದರಲ್ಲಿ ಗೋಡೆಯ ಕಡೆಗೆ ಅವಳ ಪಾಲು. ಆ ಗೆರೆಗಳ ಒಳಗೆ ನಾಲ್ಕು ಮಕ್ಕಳು ಓಡಾಡುತ್ತಿದ್ದರು. ಇಲ್ಲದ ಬಾಗಿಲನ್ನು ತಳ್ಳಿ ಒಳಗೆ ಬರುತ್ತಿದ್ದರು, ಇಲ್ಲದ ಹೊಸ್ತಿಲನ್ನು ದಾಟುತ್ತಿದ್ದರು, ಒಡೆದ ಹೆಂಚನ್ನು ಕಾಲು ಎತ್ತಿ ತಪ್ಪಿಸುತ್ತಿದ್ದರು. ಒಬ್ಬ ದಪ್ಪನೆಯ ಹುಡುಗ ಕಾಲು ಚಾಚಿ ಕೂತು, ಅವಳ ಗಂಡ ಆಕಳಿಸುವ ಹಾಗೆಯೇ, ಕೊನೆಗೊಂದು ಸಣ್ಣ ರಾಗ ಸೇರಿಸಿ ಆಕಳಿಸಿದ. ಕುರ್ಚಿಯ ಗೆರೆಯೊಳಗೆ ಒಬ್ಬಳು ಬೆನ್ನು ಬಗ್ಗಿಸಿ ಕೂತಿದ್ದಳು. ಗಲಾಟೆ ಗಲಾಟೆಯೇ ಆಗಿದ್ದಳು.

ಎರಡು ಜಡೆಯ ಹುಡುಗಿ ಬಚ್ಚಲಿನ ಚೌಕದೊಳಗೆ ಹೋಗಿ ನಿಂತಳು. ಕೈ ಎತ್ತಿ ನಲ್ಲಿ ತಿರುಗಿಸಿದಳು. ಬಾಯಿಂದಲೇ ಶ್ ಎಂದು ನೀರಿನ ಸದ್ದು ಮಾಡಿದಳು. ಆಮೇಲೆ ಗೋಡೆ ಇರಬೇಕಾದ ಕಡೆಗೆ ಮುಖ ತಿರುಗಿಸಿದಳು.

"ನಾನು ಹೋಗ್ತೀನಿ," ಎಂದಳು. "ನಾನು ಹೋಗ್ತೀನಿ. ನಾನು ಹೋಗ್ತೀನಿ."

ಕನ್ನಡಕದಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಹುಡುಗಿ ಬಚ್ಚಲಿನಿಂದ ಬಂದು ಊಟದ ಮೇಜಿನ ಹತ್ತಿರ ನಿಂತಳು. ಹೆಬ್ಬೆರಳು ಉಂಗುರದ ಬೆರಳನ್ನು ತಟ್ಟುತ್ತಿತ್ತು. "ಎಲ್ಲರೂ ಕೇಳಿ. ನನಗೆ ಬೇರೆ ಊರಲ್ಲಿ ಕೆಲಸ ಇದೆ. ನಾನೊಬ್ಬಳೇ ಹೋಗ್ತೀನಿ."

ಅಪ್ಪನಾದವನು ತಲೆ ತಗ್ಗಿಸಿದ. ಗಲಾಟೆ ಒಂದು ಉಸಿರು ತೆಗೆದುಕೊಂಡಳು.

"ಸರಿ ಅಮ್ಮ," ಎಂದಳು ಸಮವಾದ ದನಿಯಲ್ಲಿ. "ನೀನು ಯೋಚನೆ ಮಾಡ್ಬೇಡ. ನಾವು ನೋಡ್ಕೋತೀವಿ. ಹುಷಾರಾಗಿ ಹೋಗ್ಬಾ."

ಎರಡು ಜಡೆಯವಳು ಮುಂಬಾಗಿಲಿನ ಗೆರೆ ದಾಟಿ ಹೊರಗೆ ಬಂದು ನಿಂತಳು. ಗಲಾಟೆ ಒಂದು ಬಟ್ಟೆ ತಂದು ಮಂಡಿಯೂರಿದಳು. ಒಲೆಯ ಮುಂದೆ ಎರಡು ಪಾದಗಳ ಗುರುತು ಬರೆದಿತ್ತು, ಅದನ್ನು ಒರೆಸಿದಳು. ಮಂಚದ ಮೇಲಿನ ಅರ್ಧ ಪಾಲನ್ನು ಒರೆಸಿದಳು. ಆಮೇಲೆ ಎದ್ದು ಅನ್ನಕ್ಕೆ ನೀರಿಟ್ಟಳು, ಮಾತ್ರೆ ಕೊಟ್ಟಳು, ಡಬ್ಬಿ ಕಟ್ಟಿದಳು. ಮೂವರೂ ಕೂತು ಊಟ ಮಾಡಿದರು. ಎಲ್ಲಿಯೂ ಒಂದು ತಡವರಿಕೆ ಇಲ್ಲ. ಸುತ್ತ ಕೂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

ಬಳಗದ ಮೇಡಂ ಕನ್ನಡಕದಮ್ಮನನ್ನು ನೋಡಿ ಓಡಿಬಂದರು. ಚಿಕ್ಕ ವಯಸ್ಸು, ಕ್ಯಾನ್ವಾಸ್ ಬೂಟು, ಮಂಡಿಯ ಮೇಲೆಲ್ಲ ಸೀಮೆಸುಣ್ಣ, ಒಳ್ಳೆಯ ಮುಖ.

"ಸರಿಯಾದ ಸಮಯಕ್ಕೆ ಬಂದ್ರಿ! ನೋಡಿದ್ರಲ್ಲ? ಯಾವುದಕ್ಕೆ ಹೆಚ್ಚು ಹೆದರ್ತಾರೋ ಅದನ್ನ ಮೊದಲೇ ಆಡಿ ಮುಗಿಸ್ತೀವಿ. ಆಮೇಲೆ ಅದು ಬಂದ್ರೂ ಮಕ್ಕಳು ಕುಸಿಯಲ್ಲ. ಮೊದಲ ದಿನ ನಿಮ್ಮ ಮಗಳು ಎಷ್ಟು ಅತ್ತಿದ್ದಳು ಗೊತ್ತಾ? ಈಗ ನೋಡಿ, ಒಂದು ಹನಿ ಇಲ್ಲ. ನಮ್ಮ ಬಳಗದಲ್ಲೇ ಇಷ್ಟು ಬೇಗ ಗಟ್ಟಿಯಾದ ಮಗು ಇನ್ನೊಂದಿಲ್ಲ."

"ಇದನ್ನ... ಯಾರು ಹೇಳಿಕೊಟ್ಟಿದ್ದು?"

"ಯಾರೂ ಹೇಳಿಕೊಡಲ್ಲಮ್ಮ. ಅವರೇ ಕಂಡ್ಕೋತಾರೆ."

ಕನ್ನಡಕದಮ್ಮ ಮಗಳ ಕಡೆಗೆ ಒಂದು ಹೆಜ್ಜೆ ಇಟ್ಟಳು. ಮಗಳು ಕೈಯೆತ್ತಿ ತಡೆದಳು.

"ಅಮ್ಮ, ಗೆರೆ ತುಳೀಬೇಡ."

ಇಬ್ಬರೂ ಮನೆಯ ಕಡೆ ನಡೆದರು. ತರಕಾರಿ ಅಂಗಡಿ ದಾಟಿದ ಮೇಲೆ ತಾಯಿಯೇ ಬಾಯಿಬಿಟ್ಟಳು.

"ನಾನು ಹೋಗ್ತೀನಿ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಅವಳು ಬಚ್ಚಲಲ್ಲಿ ನಿಂತ್ಕೊಂಡಾಗ ಅದೇ ಬಂತಂತೆ."

"ಆಟದಲ್ಲಿ ಬಂದಿದ್ದೆಲ್ಲ ನಿಜ ಆಗತ್ತೇನೇ?"

ಮಗಳು ಬೆರಳು ಮಡಚಿ ಎಣಿಸಿದಳು. "ಬೆಡ್‌ಶೀಟ್ ಜಗಳ ಆಯ್ತಲ್ಲಮ್ಮ. ಜಾಲರಿದು ಮತ್ತೆ ಆಯ್ತು. ಅಪ್ಪ ಪೇಪರ್ ಹರಿದಿದ್ದು ಆಯ್ತು."

"ನಾನು ಹೋಗ್ತೀನಿ ಅಂದಾಗ ನಿನಗೆ ಏನೂ ಅನ್ಸಲಿಲ್ವಾ?"

"ಮೊದಲು ಅನ್ಸ್ತಿತ್ತು. ಹನ್ನೊಂದು ಸಲ ಆಡಿದ್ವಿ. ಹನ್ನೊಂದು ಸಲಾನೂ ಅಳು ಬಂತು. ಆಮೇಲೆ ಬರಲಿಲ್ಲ."

ಹನ್ನೊಂದು ಸಲ. ಆ ಸಂಜೆಗಳಲ್ಲೆಲ್ಲ ಕನ್ನಡಕದಮ್ಮ ಅಂಗಡಿಯಲ್ಲಿ ಕೂತು, ಮಗಳು ಎಷ್ಟು ಸುಧಾರಿಸಿದ್ದಾಳೆಂದು ಗಿರಾಕಿಗಳಿಗೆ ಹೇಳುತ್ತಿದ್ದಳು. ಅವಳಿಗೆ ನಡುರಸ್ತೆಯಲ್ಲೇ ಕೂತು ಅಳಬೇಕೆನಿಸಿತು. ಮಗಳು ಅವಳ ಕೈಯಿಂದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು, ಅಮ್ಮನಿಗೆ ಭಾರವಾಗಬಾರದೆಂದು.

ಶನಿವಾರ ಅವಳು ಅಂಗಡಿಗೆ ಹೋಗಿ, ಯಜಮಾನರ ಮುಂದೆ ನಿಂತು, ಸೋಮವಾರದವರೆಗೂ ಕಾಯದೆ, "ಆಗಲ್ಲ ಸಾರ್" ಎಂದಳು. ಯಜಮಾನರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಯೋಚನೆ ಮಾಡಿ ಹೇಳ್ತಿದ್ದೀರಾ?" ಎಂದರು. "ಯೋಚನೆ ಮಾಡಿದ್ರೆ ಹೂಂ ಅಂತಿದ್ದೆ ಸಾರ್," ಎಂದಳು. ಆ ಕೋಣೆಯ ಆಸೆ ಅವಳಿಗೆ ಇನ್ನೂ ಇತ್ತು, ಅದು ಒಂದು ದಿನದಲ್ಲಿ ಹೋಗುವಂಥದ್ದಲ್ಲ. ಆದರೆ ಮಗಳು ಮಂಡಿಯೂರಿ ಆ ಪಾದದ ಗುರುತನ್ನು ಒರೆಸಿದ್ದು ಕಣ್ಣಿಗೆ ಕಟ್ಟಿತ್ತು. ಅಷ್ಟು ಶುದ್ಧವಾಗಿ ಒರೆಸಿದ್ದಳು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಗಲಾಟೆಯೇ ಬಡಿಸಿದಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಎಲ್ಲಕ್ಕೂ ಉಪ್ಪು ಸರಿಯಾಗಿತ್ತು. ಅಜ್ಜಿಗೆ ಅದೂ ಒಂದು ಸಂಕಟ, ಹೇಳುವುದಕ್ಕೆ ಏನೂ ಇಲ್ಲ.

"ಎಲ್ಲರೂ ಕೇಳಿ," ಎಂದಳು ಕನ್ನಡಕದಮ್ಮ.

ಗಲಾಟೆ ಸೌಟನ್ನು ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಒಂದು ಉಸಿರು ತೆಗೆದುಕೊಂಡಳು.

"ಯಜಮಾನರು ನನಗೆ ಬೇರೆ ಊರಲ್ಲಿ ಕೆಲಸ ಕೊಡ್ತೀನಿ ಅಂದಿದ್ರು."

"ಯಾವಾಗ?" ಎಂದ ಗಂಡ, ತುತ್ತು ಕೈಯಲ್ಲೇ ಹಿಡಿದು.

"ಒಂದು ತಿಂಗಳಾಯ್ತು."

"ಒಂದು ತಿಂಗಳಿಂದ ಬಾಯಿ ಮುಚ್ಕೊಂಡಿದ್ದೀಯಾ?" ಎಂದಳು ಅತ್ತೆ. ಬೈಯುವ ದನಿಯೇ, ಆದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದಳು. "ನಾನು ಶೀಟಿನ ಬಗ್ಗೆ ಅಂದಿದ್ದಕ್ಕೇನೇ?"

"ಅಮ್ಮ," ಎಂದಳು ಗಲಾಟೆ. ಸಮವಾದ, ಸಣ್ಣ, ದಯೆಯ ದನಿ. "ಸರಿ ಅಮ್ಮ. ನೀನು ಯೋಚನೆ ಮಾಡ್ಬೇಡ. ನಾವು..."

"ನಾನು ಹೋಗಲ್ಲ," ಎಂದಳು ಕನ್ನಡಕದಮ್ಮ. "ನಿನ್ನೇನೇ ಹೇಳಿಬಿಟ್ಟೆ. ನಾನು ಎಲ್ಲಿಗೂ ಹೋಗಲ್ಲ ಕಣೇ. ಇಲ್ಲೇ ಇರ್ತೀನಿ."

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಡ್ರೈವರ್ ತುತ್ತನ್ನು ಬಾಯಿಗಿಟ್ಟುಕೊಂಡು, ಅಗಿಯುವುದನ್ನು ಮರೆತು ಕೂತ.

ಗಲಾಟೆ ಮಾತ್ರ ಬಾಯಿ ಅರ್ಧ ತೆರೆದು ಹಾಗೆಯೇ ಇದ್ದಳು. ಅವಳ ಕಣ್ಣು ಅಮ್ಮನಿಂದ ಒಲೆಗೆ, ಒಲೆಯಿಂದ ಬೀರುವಿಗೆ, ಬೀರುವಿನಿಂದ ಮಲಗುವ ಕೋಣೆಯ ಬಾಗಿಲಿಗೆ ಹೋಯಿತು. ಎಲ್ಲಿಯೋ ಏನನ್ನೋ ಇಡಬೇಕಿತ್ತು, ಜಾಗ ಸಿಗುತ್ತಿಲ್ಲವೆಂಬಂತೆ ನೋಡಿದಳು. ತುಟಿ ಎರಡು ಮೂರು ಸಲ ಆಡಿತು.

"ಇದನ್ನ ನಾವು ಆಡಿಲ್ಲಮ್ಮ," ಎಂದಳು ಕೊನೆಗೆ.

"ಆಡೋದು ಏನಿದೆ ಇದ್ರಲ್ಲಿ? ನಾನು ನಿನ್ನ ಅಮ್ಮ. ಮನೇಲಿ ಇರ್ತೀನಿ, ಅಷ್ಟೇ."

"ಮತ್ತೆ ಏನು ಮಾಡ್ತೀಯ?"

ಮಗು ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಕನ್ನಡಕದಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಸಿಂಕಿನಲ್ಲಿ ಒಂದು ಪಾತ್ರೆಯಿಲ್ಲ, ಒಲೆ ಒರೆಸಿದೆ, ಕುಡಿಯುವ ನೀರು ತುಂಬಿದೆ, ನಾಳೆಯ ತರಕಾರಿ ಹೆಚ್ಚಿ ಮುಚ್ಚಿಟ್ಟಿದೆ.

"ಏನಾದ್ರೂ ಒಂದು ಕೆಲಸ ಕೊಡೇ ನನಗೆ," ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಯಾವುದಾದ್ರೂ ಒಂದು."

ಗಲಾಟೆ ಎದ್ದು ಬಂದು ಅಮ್ಮನ ಕೈ ಹಿಡಿದಳು. ಮೆಲ್ಲಗೆ ಕರೆದುಕೊಂಡು ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ, ದಾರಿಗೆ ಅಡ್ಡವಾಗದ ಹಾಗೆ, ಕೂರಿಸಿದಳು.

"ನಾಳೆ ಬಳಗದಲ್ಲಿ ಕೇಳ್ಕೊಂಡು ಬರ್ತೀನಮ್ಮ," ಎಂದಳು. "ಅಲ್ಲೀವರೆಗೂ ನೀನು ಆರಾಮಾಗಿ ಕೂತಿರು."